ದೊರೆಯ ಕುರ್ಚಿಯ ಹಿಂದಿನ ಎಡಗಾಲು

ಒಂದೂರಲ್ಲಿ ಒಬ್ಬ ದೊರೆಯಿದ್ದ ಎಂದು ಕತೆಗಳು ಶುರುವಾಗುತ್ತವಲ್ಲ, ಈ ಕತೆ ಶುರುವಾಗುವ ಹೊತ್ತಿಗೆ ಆ ದೊರೆ ಹೋಗಿ ನೂರು ವರ್ಷವಾಗಿತ್ತು. ಅವನ ಮನೆ ಉಳಿದಿತ್ತು, ನೋಡಲು ಟಿಕೆಟ್ ಇತ್ತು, ನಡುಮನೆಯಲ್ಲಿ ಹಗ್ಗದ ಬೇಲಿಯೊಳಗೆ ಅವನು ಕೂರುತ್ತಿದ್ದ ಕುರ್ಚಿಯಿತ್ತು. ಬೆನ್ನಿಗೆ ದ್ರಾಕ್ಷಿ ಬಳ್ಳಿಯ ಕೆತ್ತನೆ, ಪಾದಕ್ಕೆ ಸಿಂಹದ ಪಂಜ. ಇಷ್ಟೆಲ್ಲ ಠೀವಿಯಿದ್ದ ಕುರ್ಚಿ, ಮುಟ್ಟಿದರೆ ಸಾಕು, ಮುದುಕರ ಹಲ್ಲಿನಂತೆ ಅಲ್ಲಾಡುತ್ತಿತ್ತು.

ಆ ಮನೆಯ ಮೇಜು, ಕಪಾಟುಗಳಿಗೆಲ್ಲ ಪಾಲಿಶ್ ಹಾಕುವವನನ್ನು ಎಲ್ಲರೂ ಪಾಲಿಶಣ್ಣ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರ. ಅವತ್ತು ಬೆಳಿಗ್ಗೆ ಉಸ್ತುವಾರಿ ಮೇಡಂ, ಹೊಸದಾಗಿ ಬಂದವರು, ಅವನನ್ನು ಕರೆದರು.

"ನಾಲ್ಕು ಗಂಟೆಗೆ ತಪಾಸಣೆಯವರು ಬರ್ತಾರೆ. ಅಷ್ಟರೊಳಗೆ ಆ ಕುರ್ಚಿ ಸರಿಮಾಡು. ನಿನ್ನ ಖಾಯಂ ಕಾಗದ ಬರೆದಿಟ್ಟಿದೀನಿ, ಅವರ ಕೈಲೇ ಕಳಿಸ್ತೀನಿ."

"ಸರಿಯಾಗಿದೆ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ ಮೇಡಂ" ಎಂದು ಪಾಲಿಶಣ್ಣ ಮಾತುಕೊಟ್ಟ.

ಹಿಂದಿನ ಎಡಗಾಲು ಬಿಚ್ಚಿದರೆ ಒಳಗಿನ ಸಂದು ಸವೆದಿತ್ತು. ಬೆಣೆ ಕೆತ್ತಲು ಕೂರುವಷ್ಟರಲ್ಲಿ ಸಲಹೆಗಳು ಬಂದವು. ಟಿಕೆಟ್ ಮಾರುವ ಅಕ್ಕ, ಹಳೇ ಟಿಕೆಟ್ ಮಡಿಚಿ ಕಾಲಡಿಗಿಟ್ಟರೆ ಸಾಕು ಎಂದಳು. ತೋಟದ ಅಜ್ಜನ ಪ್ರಕಾರ ತಪ್ಪು ಕುರ್ಚಿಯದಲ್ಲ, ನೆಲದ್ದು. ಅದನ್ನು ಸಾಬೀತುಪಡಿಸಲು ಕುರ್ಚಿಯನ್ನು ಕೋಣೆಯ ನಾಲ್ಕು ಮೂಲೆಗೂ ಒಯ್ಯಿಸಿದ. ಮೂರು ಕಾಲಿನ ಕುರ್ಚಿ ನಾಲ್ಕು ಮೂಲೆಯಲ್ಲೂ ಬಿತ್ತು.

ಕೊನೆಗೆ ಅಕ್ಕ ಚಪ್ಪಲಿಗೆಂದು ತಂದಿದ್ದ ಗಟ್ಟಿ ಅಂಟು ಕೊಟ್ಟಳು. ಬೆಣೆ ಕೂತಿತು, ಕಾಲು ಕೂತಿತು, ಪಾಲಿಶಣ್ಣನ ಬಲಗೈಯೂ ಕಾಲಿಗೆ ಅಂಟಿ ಕೂತಿತು. ಆಗಲೇ ನೋಡುಗರ ಗುಂಪೊಂದು ಒಳಬಂತು. ದೊರೆಯ ಕುರ್ಚಿಯ ಕಾಲು ಹಿಡಿದು ಮಂಡಿಯೂರಿದ್ದವನನ್ನು ಕಂಡು ಒಬ್ಬಾಕೆ ಗಂಡನಿಗೆ, "ನೋಡ್ರೀ, ಸೇವಕನ ಗೊಂಬೆ ಎಷ್ಟು ಚೆನ್ನಾಗಿ ಮಾಡಿದಾರೆ, ಬೆವರಿನ ಹನಿ ಕೂಡ ಇಟ್ಟಿದಾರೆ" ಎಂದಳು. ಮನೆಯ ಮಾನ ಕಾಯಲು ಪಾಲಿಶಣ್ಣ ರೆಪ್ಪೆ ಮಿಟುಕಿಸದೆ ಕೂತ. ಅಜ್ಜ ಬಿಸಿನೀರು, ಎಣ್ಣೆ ತಂದು ಕೈ ಬಿಡಿಸುವಾಗ ಮೂರೂ ಮುಕ್ಕಾಲು. ಕುರ್ಚಿ ಮಾತ್ರ ಬಂಡೆಯಂತೆ ನಿಂತಿತ್ತು.

ತಪಾಸಣೆಯ ಸಾಹೇಬರು ಬಂದು ದಪ್ಪ ದಫ್ತರ ಬಿಚ್ಚಿ, ಕುರ್ಚಿಯನ್ನು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದರು. ಸಾಹೇಬರ ಮುಖದ ಬಣ್ಣವೇ ಇಳಿದುಹೋಯಿತು.

"ಹಿಂದಿನ ಎಡಗಾಲು ಅಲುಗಾಡುತ್ತದೆ ಅಂತ ಎಂಬತ್ತು ವರ್ಷದಿಂದ ದಫ್ತರದಲ್ಲಿದೆ. ಇದರ ಗುರುತೇ ಅದು. ಅಪ್ಪಣೆಯಿಲ್ಲದೆ ರಿಪೇರಿ ಮಾಡೋ ಹಾಗೂ ಇಲ್ಲ. ಹಾಗಿದ್ಮೇಲೆ ಇದು ನಕಲಿ. ಅಸಲಿ ಕುರ್ಚಿ ಎಲ್ಲಿ ಮೇಡಂ?"

ಮೇಡಂ, "ಅಸಲಿನೇ ಸಾರ್. ಚಳಿಗೆ ಸ್ವಲ್ಪ ಬಿಗಿದಿರಬೇಕು. ಮೊದಲು ಟೀ ಕುಡೀರಿ ಬನ್ನಿ" ಎಂದು ಅವರನ್ನು ಆಚೆ ಕರೆದೊಯ್ದರು. ಹೋಗುತ್ತಾ ಪಾಲಿಶಣ್ಣನನ್ನು ನೋಡಿದ ನೋಟಕ್ಕೆ ಅಂಟೇ ಕರಗಬೇಕಿತ್ತು. ಕರಗಲಿಲ್ಲ. ಅಜ್ಜ ಕುರ್ಚಿ ತಬ್ಬಿಕೊಂಡ, ಪಾಲಿಶಣ್ಣ ಕಾಲೆಳೆದ. ಅಕ್ಕ, ನಾನು ಕೊಟ್ಟ ಅಂಟು ಅಂದರೆ ಸುಮ್ನೇನಾ ಎಂದು ಹೆಮ್ಮೆಪಡುತ್ತಾ ಪಾಲಿಶಣ್ಣನ ಸೊಂಟ ಹಿಡಿದೆಳೆದಳು. ಸಾಹೇಬರ ಮೂರನೇ ಲೋಟಕ್ಕೆ ಕಾಲು ಕಿತ್ತುಬಂತು. ಬೆಣೆ ತೆಗೆದು, ಕಾಲನ್ನು ಮೊದಲಿನಂತೆ ಸುಮ್ಮನೆ ಸಿಕ್ಕಿಸಿಟ್ಟರು.

ಸಾಹೇಬರು ಮರಳಿ ಬಂದು ಒಂದು ಬೆರಳಿಟ್ಟರು. ಕುರ್ಚಿ ತೊಟ್ಟಿಲಂತೆ ತೂಗಿತು. ಅವರ ಮುಖ ಅರಳಿತು. 'ಅಲುಗಾಡುವ ಕುರ್ಚಿಯನ್ನು ಗಟ್ಟಿಮಾಡಿದ ಕುಶಲತೆಗಾಗಿ' ಎಂದು ಶುರುವಾಗುವ ಖಾಯಂ ಕಾಗದವನ್ನು ಮೇಡಂ ಸದ್ದಿಲ್ಲದೆ ಮಡಿಚಿ ಕೈಚೀಲಕ್ಕೆ ತುರುಕಿದರು. ಅದನ್ನು ಕಂಡ ಪಾಲಿಶಣ್ಣನಿಗೆ ಅಳಬೇಕೆನ್ನಿಸುವಾಗಲೇ ನಗು ಬಂತು. ಬಟ್ಟೆ ತೆಗೆದು, ಕುರ್ಚಿಯ ಮೇಲೆ ಬಿದ್ದ ಸಾಹೇಬರ ಬೆರಳಿನ ಗುರುತನ್ನು ಪ್ರೀತಿಯಿಂದ ಒರೆಸಿದ.

ಸಾಹೇಬರು ದಫ್ತರಕ್ಕೆ ಸಹಿ ಹಾಕಿ ಹೇಳಿದರು: "ಕುರ್ಚಿ ಸರಿಯಾಗಿದೆ."