ಕಳಿಸುವುದು ಬಿಡುವುದು ನಿಮ್ಮಿಷ್ಟ

ಆ ದಿನದ ಅನಾಹುತಕ್ಕೆಲ್ಲ ಮೂಲ ಮೂರು ಸಾಲಿನ ಒಂದು ಸಂದೇಶ. ಬರೆಸಿದವನು ಕೂರ್ಲಾನಾ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ನೆವಿಲ್ ಪ್ಲಂಕೆಟ್. ಕಳಿಸಿದವಳು ಶಾಲೆಯ ಕಚೇರಿಯ ಏಕಮಾತ್ರ ಗುಮಾಸ್ತೆ ರೊವೀನಾ.

'ನಾಳೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಮಕ್ಕಳನ್ನು ಶಾಲೆಗೆ ಕಳಿಸುವುದು ಬಿಡುವುದು ನಿಮ್ಮಿಷ್ಟ. ಕಳಿಸದಿದ್ದರೆ "ಇಲ್ಲ" ಎಂದು ಉತ್ತರಿಸಿ.'

ಈ ಮೂರು ಸಾಲಿಗೆ ನೆವಿಲ್ ಮುಕ್ಕಾಲು ಗಂಟೆ ತೆಗೆದುಕೊಂಡಿದ್ದ. ಮೊದಲು 'ಕಳಿಸಿ' ಎಂದು ಬರೆಸಿದ. ಯಾವುದಾದರೂ ಮಗು ತಲೆತಿರುಗಿ ಬಿದ್ದರೆ ತನ್ನ ಕುತ್ತಿಗೆಗೆ ಬರುತ್ತದೆಂದು ಹೊಡೆದು ಹಾಕಿಸಿದ. 'ಕಳಿಸಬೇಡಿ' ಎಂದು ಬರೆಸಿದ. ಶಾಲೆ ಯಾಕೆ ಖಾಲಿ ಎಂದು ಇಲಾಖೆ ಕೇಳಿದರೆ? ಅದನ್ನೂ ಹೊಡೆದು ಹಾಕಿಸಿದ. ಕೊನೆಗೆ 'ನಿಮ್ಮಿಷ್ಟ' ಎಂಬ ಪದ ಸಿಕ್ಕಾಗ, ಕಳೆದುಹೋದ ಹಲ್ಲಿನ ಸೆಟ್ಟು ತನ್ನದೇ ಜೇಬಿನಲ್ಲಿ ಸಿಕ್ಕವನ ಹಾಗೆ ಅವನ ಮುಖ ಅರಳಿತು.

ರೊವೀನಾ ಗುಂಡಿ ಒತ್ತಿದಳು. ಮರುಕ್ಷಣ ಅವಳ ಚೀಲದೊಳಗಿನ ಫೋನು ಗುಂಯ್‌ಗುಟ್ಟಿತು. ಅವಳು ಆ ಶಾಲೆಯ ಇಬ್ಬರು ಹುಡುಗಿಯರ ತಾಯಿಯೂ ಹೌದಲ್ಲ! ತಾನೇ ಕಳಿಸಿದ್ದನ್ನು ಬೇರೆ ಯಾರೋ ಕಳಿಸಿದ ಹಾಗೆ ಓದಿ, ಅವಳಿಗೆ ಮೈಯೆಲ್ಲ ಉರಿಯಿತು.

ಸಂದೇಶ ಕಳಿಸುವ ಈ ಕಂಪ್ಯೂಟರ್ ಏರ್ಪಾಡು ಹೊಸದು. ಜನವರಿಯ ನಡುಬೇಸಿಗೆಯಲ್ಲಿ ಇಲಾಖೆಯವರು ಕೂರಿಸಿದ್ದರು. ಅದನ್ನು ಕಲಿಸಿಕೊಡಲು ಅಡಿಲೇಡಿನಿಂದ ಬರಬೇಕಾಗಿದ್ದವರು ಮಾತ್ರ ಬಂದಿರಲಿಲ್ಲ, ತುಂಬ ಬಿಸಿಲಂತೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ರೊವೀನಾ ಒತ್ತಿ ಒತ್ತಿಯೇ ಕಲಿತಿದ್ದಳು.

ಮರುದಿನ ಬೆಳಗಿನ ಆರಕ್ಕೇ ಅಡಿಗೆಮನೆಯಲ್ಲಿ ಮೂವತ್ಮೂರು ಡಿಗ್ರಿ. ಹಿತ್ತಲ ನಲ್ಲಿಯ ಕೆಳಗೆ ಗುಲಾಬಿ ಎದೆಯ ಗಲಾ ಹಕ್ಕಿಗಳು ಕೊಕ್ಕು ತೆರೆದು ಕೂತಿದ್ದವು. ಚಿಕ್ಕ ಮಗಳು ಪೆಗ್ಗಿ ನಿನ್ನೆ ಶಾಲೆಯಿಂದ ಮನೆಗೆ ಬರುವಾಗ ಅವಳ ಮೂಗಿನಲ್ಲಿ ರಕ್ತ ಸೋರುತ್ತಿತ್ತು. ಇವತ್ತು ಕಳಿಸುವುದೋ ಬೇಡವೋ? ಉತ್ತರದ ಗಣಿಯಲ್ಲಿ ಎರಡು ವಾರದ ಪಾಳಿಗೆ ಹೋಗಿದ್ದ ಗಂಡ ಗ್ಲೆನ್‌ಗೆ ಫೋನು ಮಾಡಿದಳು.

"ನಿನಗೆ ಹೆಂಗೆ ಸರಿ ಅನ್ಸುತ್ತೋ ಹಂಗ್ ಮಾಡು ಚಿನ್ನ," ಎಂದ ಗ್ಲೆನ್. "ನಿನ್ನಿಷ್ಟ."

ಅತ್ತೆ ಬೆರಿಲ್‌ಗೆ ಮಾಡಿದಳು. ಅವಳದು ದಪ್ಪ ಕಲ್ಲಿನ ಗೋಡೆಯ ತಂಪು ಮನೆ.

"ಬೇಕಾದ್ರೆ ನನ್ನತ್ರ ಬಿಟ್ಟು ಹೋಗು. ಓದು ಹಾಳಾಗುತ್ತೆ ಅಂತ ನಾನೇನೂ ಹೇಳಲ್ಲಮ್ಮ," ಎಂದು ಬೆರಿಲ್ ಹೇಳಿಯೇ ಹೇಳಿದಳು. "ಮಕ್ಕಳು ನಿನ್ನವು, ನಿನ್ನಿಷ್ಟ."

ರೊವೀನಾಳ ಬಾಳಿನಲ್ಲಿ ಈ ಮಾತು ಬರುವುದಕ್ಕೆ ಒಂದು ಹೊತ್ತು ಗೊತ್ತಿತ್ತು. ಕಾರು ಕೊಳ್ಳುವಾಗ, ಗೋಡೆಗೆ ಬಣ್ಣ ಬಳಿಸುವಾಗ ಯಾರೂ ಅವಳ ಇಷ್ಟ ಕೇಳಿದ್ದಿಲ್ಲ. ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸುವ ದಿನ ಮಾತ್ರ ಮೂವರು ಅಣ್ಣಂದಿರೂ ಒಂದೇ ದನಿಯಲ್ಲಿ "ನಿನ್ನಿಷ್ಟ ಕಣೇ" ಎಂದಿದ್ದರು. ಬಾಣಲೆ ಕೆಂಪಗೆ ಕಾದ ಮೇಲೆ ಹಿಡಿಯನ್ನು ಹೆಂಗಸಿನ ಕಡೆ ತಿರುಗಿಸುವುದಕ್ಕೆ ಜನ ಇಟ್ಟುಕೊಂಡ ಮರ್ಯಾದೆಯ ಹೆಸರು ಅದು.

ಆರು ಗಂಟೆ ನಾಲ್ಕು ನಿಮಿಷಕ್ಕೆ, ಹಲ್ಲು ಕಚ್ಚಿ, ಅವಳು ತನ್ನದೇ ಶಾಲೆಗೆ ಮಗುವಿಗೊಂದರಂತೆ ಎರಡು 'ಇಲ್ಲ' ಕಳಿಸಿದಳು. ಎಷ್ಟೋ ದಿನಗಳ ಮೇಲೆ ತನ್ನ ಇಷ್ಟದ್ದೊಂದು ಕೆಲಸ ಮಾಡಿದ ಹಗುರ.

ಆ ಹಗುರ ಆರೂವರೆಯವರೆಗೆ ಬಾಳಿತು. ನೆವಿಲ್‌ನ ಫೋನು ಬಂತು.

"ರೊವೀನಾ, ಒಂದು ಸಣ್ಣ ವಿಷಯ. ಹೋದ ವಾರವೇ ಹೇಳ್ಬೇಕಾಗಿತ್ತು, ಮರೆತುಬಿಟ್ಟೆ. ಇವತ್ತು ಇಲಾಖೆಯಿಂದ ಮಿಸ್ ಹಾರ್ಗ್ರೇವ್ ಬರ್ತಾರೆ. ತಲೆ ಎಣಿಸೋಕೆ."

"ಯಾರ ತಲೆ?"

"ಮಕ್ಕಳದ್ದು. ಇವತ್ತಿನ ಹಾಜರಿ ನಲವತ್ತು ಇರ್ಬೇಕು. ಇಲ್ಲಾಂದ್ರೆ ನಮ್ಮದು ಸಣ್ಣ ಶಾಲೆಗಳ ಪಟ್ಟಿಗೆ ಇಳಿದುಹೋಗುತ್ತೆ."

"ಇಳಿದ್ರೆ?"

"ನನಗೇನೂ ಆಗಲ್ಲ," ಎಂದ ನೆವಿಲ್, ಅವಳ ಆತಂಕ ತನ್ನ ಬಗೆಗೇ ಎಂದುಕೊಂಡು. "ಕಚೇರಿ ಕೆಲಸ ಮಾತ್ರ ಐದು ದಿನದಿಂದ ಎರಡು ದಿನಕ್ಕೆ ಬರುತ್ತೆ. ಅಂದ್ರೆ... ನಿಮ್ಮದು."

ಶಾಲೆಯಲ್ಲಿದ್ದ ಮಕ್ಕಳು ಒಟ್ಟು ನಲವತ್ತನಾಲ್ಕು. ಅವತ್ತಿನ ಬಿಸಿಲಿಗೆ ತಲೆಗೊಂದು ಡಿಗ್ರಿ. ರೊವೀನಾ ಫೋನಿನಲ್ಲಿ ಶಾಲೆಗೆ ಬಂದ ಉತ್ತರಗಳನ್ನು ತೆರೆದು ನೋಡಿದಳು. ಆಗಲೇ ಮೂವತ್ತೊಂದು 'ಇಲ್ಲ' ಬಂದಿದ್ದವು. ಅದರಲ್ಲಿ ಎರಡು ಅವಳವೇ.

ವಾರದಲ್ಲಿ ಎರಡು ದಿನದ ಸಂಬಳದಲ್ಲಿ ಮನೆಯ ಕಂತು ಕಟ್ಟುವುದು ಸಾಧ್ಯವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ದಿನಕ್ಕೆ ಆರು ಗಂಟೆ ತನ್ನದೇ ಹೆಸರಿನ ಫಲಕವಿದ್ದ ಆ ಮೇಜನ್ನು ಬಿಟ್ಟು ಉಳಿದ ಮೂರು ದಿನ ಬೆರಿಲ್‌ಳ ಕಣ್ಣಳತೆಯಲ್ಲಿ ಮನೆಯಲ್ಲಿ ಕೂರುವುದು ಯೋಚಿಸಲೂ ಆಗದ ಮಾತಾಗಿತ್ತು.

"ಏಳ್ರೇ! ಯೂನಿಫಾರ್ಮ್ ಹಾಕ್ಕೊಳ್ಳಿ!" ಎಂದು ಮಕ್ಕಳ ಕೋಣೆಯ ಬಾಗಿಲು ಬಡಿದಳು.

"ಅಜ್ಜಿ ಮನೆ ಅಂದಿದ್ದೆ?" ಎಂದಳು ಹತ್ತು ವರ್ಷದ ಟಿಲ್ಲಿ, ಕಣ್ಣು ಬಿಡದೆಯೇ.

"ಸ್ಕೂಲಲ್ಲಿ ಇವತ್ತು ಐಸ್ ಕ್ಯಾಂಡಿ ಕೊಡ್ತಾರೆ."

"ಎಷ್ಟು?"

ಈ ಹುಡುಗಿ ಮುಂದೆ ಬದುಕಿಕೊಳ್ಳುತ್ತಾಳೆ ಎಂದುಕೊಂಡು ರೊವೀನಾ "ಎರಡು" ಎಂದಳು.

ಎದುರು ಮನೆಯ ಟ್ರೂಡಿ ಅವಳ ಮೊದಲ ಗುರಿ. ಟ್ರೂಡಿಗೆ ನಾಲ್ಕು ಮಕ್ಕಳು, ಒಂದು ಕಿಟಕಿ, ಊರಿನ ತಾಯಂದಿರದ್ದೇ ಒಂದು ಫೋನ್ ಗುಂಪು. ಅವಳ ಮನೆಯಲ್ಲಿ ಏನು ತೀರ್ಮಾನವಾಗುತ್ತದೋ ಹತ್ತು ನಿಮಿಷದಲ್ಲಿ ಊರೆಲ್ಲ ಅದೇ ತೀರ್ಮಾನ. ರೊವೀನಾ ರಸ್ತೆ ದಾಟುವ ಮೊದಲೇ ಬಾಗಿಲು ತೆರೆಯಿತು.

"ನಾನು ಇನ್ನೊಬ್ಬರ ವಿಷಯಕ್ಕೆ ಹೋಗೋಳಲ್ಲ ಕಣೇ," ಎಂದಳು ಟ್ರೂಡಿ. "ಆದ್ರೆ ಆರು ಗಂಟೆಯಿಂದ ನಿನ್ನ ಕಾರನ್ನೇ ನೋಡ್ತಾ ಇದೀನಿ. ದಿನಾ ಆರಕ್ಕೇ ಕಾರಿಗೆ ಬೀಳೋ ಮಕ್ಕಳ ಬ್ಯಾಗು ಇವತ್ತು ಹೊರಗೇ ಬಂದಿಲ್ಲ. ಸ್ಕೂಲ್ ಆಫೀಸಿನೋಳೇ ತನ್ನ ಮಕ್ಕಳನ್ನ ಕಳಿಸ್ತಿಲ್ಲ ಅಂದ್ರೆ ಅಲ್ಲೇನೋ ಇದೆ ಅಂತ ಗುಂಪಿಗೆಲ್ಲ ಹಾಕ್ದೆ."

ಮೂವತ್ತೊಂದು 'ಇಲ್ಲ' ಎಲ್ಲಿಂದ ಬಂತೆಂದು ಈಗ ತಿಳಿಯಿತು.

"ಏನೂ ಇಲ್ಲ ಮಾರಾಯ್ತಿ! ನನ್ನವರು ಬರ್ತಾ ಇದಾರೆ. ನೋಡು."

ಟಿಲ್ಲಿ, ಪೆಗ್ಗಿ ಅಗಲ ಅಂಚಿನ ಟೋಪಿ ಹಾಕಿ, ಮೂಗಿಗೆ ಬಿಸಿಲು ತಡೆಯುವ ಬಿಳಿ ಮುಲಾಮು ಬಳಿದುಕೊಂಡು, ಹೆಪ್ಪುಗಟ್ಟಿದ ನೀರಿನ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು ರಸ್ತೆಯಂಚಿಗೆ ಬಂದು ನಿಂತರು. ಗಾಳಕ್ಕೆ ಸಿಕ್ಕಿಸಿದ ಎರೆಹುಳುಗಳ ಹಾಗೆ ಕಂಡ ಆ ಎರಡು ಜೀವಗಳ ಮುಖ ನೋಡಲು ರೊವೀನಾಗೆ ಧೈರ್ಯವಾಗಲಿಲ್ಲ.

"ಐಸ್ ಕ್ಯಾಂಡಿ ಕೊಡ್ತಾರೆ ಟ್ರೂಡಿ ಆಂಟಿ," ಎಂದಳು ಟಿಲ್ಲಿ. "ಎರಡೆರಡು."

ಟ್ರೂಡಿಯ ಹೆಬ್ಬೆರಳು ಆಗಲೇ ಫೋನಿನ ಮೇಲೆ ಕುಣಿಯುತ್ತಿತ್ತು.

ಮೂಲೆಮನೆಯ ಮುದುಕ ಕ್ಲಾರಿ ಗುಂಪಿನಲ್ಲಿರಲಿಲ್ಲ. ಮೂವರು ಮೊಮ್ಮಕ್ಕಳು ಅವನ ಹತ್ತಿರವೇ ಇದ್ದರು. ರೊವೀನಾ ಹೋದಾಗ ಅವನು ಜಗಲಿಯಲ್ಲಿ, ಮಂಜುಗಡ್ಡೆ ತುಂಬಿದ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ.

"ಬಿಸಿಲಂತೆ ಬಿಸಿಲು!" ಎಂದು ಗದರಿದ. "ನಮ್ಮ ಕಾಲದಲ್ಲಿ ನಲವತ್ತೆಂಟು ಡಿಗ್ರೀಲಿ ಬರಿಗಾಲಲ್ಲಿ ನಾಲ್ಕು ಮೈಲಿ ನಡೆದು ಸ್ಕೂಲಿಗೆ ಹೋಗ್ತಿದ್ವಿ, ಗೊತ್ತಾ?"

"ಹಾಗಾದ್ರೆ ಮಕ್ಕಳನ್ನ ಕಳಿಸಿ ಕ್ಲಾರಿ."

"ಈ ಬಿಸಿಲಲ್ಲಾ? ಹುಚ್ಚಾ ನಿಂಗೆ? ಅಲ್ಲಿವರೆಗೆ ಯಾರು ಬಿಡ್ತಾರೆ?"

ಶಾಲೆ ಇದ್ದದ್ದು ನಾಲ್ಕು ಮನೆಯಾಚೆ. ರೊವೀನಾ ಮೂವರನ್ನೂ ಕಾರಿಗೆ ತುಂಬಿಕೊಂಡಳು.

ಎಂಟೂಮುಕ್ಕಾಲಿಗೆ ಶಾಲೆಯ ಗೇಟಿನಲ್ಲಿ ಅವಳ ಕಣ್ಣನ್ನು ಅವಳೇ ನಂಬಲಿಲ್ಲ. ಕಾರಿನ ಹಿಂದೆ ಕಾರು. ಐಸ್ ಕ್ಯಾಂಡಿ ಟ್ರೂಡಿಯ ಗುಂಪಿನಲ್ಲಿ ಮನೆಯಿಂದ ಮನೆಗೆ ಹೋಗುತ್ತ ಬೆಳೆದಿತ್ತು. ಎರಡನೇ ಬೀದಿಯಲ್ಲಿ ಅದು ಐಸ್ ಕ್ರೀಮಾಗಿತ್ತು, ಚರ್ಚಿನ ಹತ್ತಿರ ಗಾಳಿ ತುಂಬುವ ಈಜುಕೊಳವಾಗಿತ್ತು. ಊರಾಚೆಯ ಗೋಧಿ ಹೊಲದ ಮನೆಗಳನ್ನು ಮುಟ್ಟುವಷ್ಟರಲ್ಲಿ ಅಡಿಲೇಡಿನಿಂದ ಹಿಮ ಬೀಳಿಸುವ ಯಂತ್ರ ಬರುತ್ತಿತ್ತು. ಇಬ್ಬರು ಕೈಗವಸು ಹಾಕಿಕೊಂಡೇ ಬಂದಿದ್ದರು.

ಕಾಲು ಮುರಿದುಕೊಂಡಿದ್ದ ಡಾರ್ಸಿಯೊಬ್ಬಳನ್ನು ಬಿಟ್ಟರೆ ನಲವತ್ಮೂರು! ರೊವೀನಾ ಹೆಸರುಗಳನ್ನೆಲ್ಲ ಕಾಗದದಲ್ಲಿ ಮುತ್ತಿನಂತೆ ಬರೆದು, ಮಿಸ್ ಹಾರ್ಗ್ರೇವ್‌ಳ ಕಣ್ಣಿಗೆ ಮೊದಲು ಬೀಳುವ ಹಾಗೆ ಮೇಜಿನ ಮೇಲಿಟ್ಟಳು.

ಹತ್ತು ಗಂಟೆಗೆ ತಗಡಿನ ತರಗತಿಗಳ ಕೂಲರುಗಳು ಒಂದಾದ ಮೇಲೊಂದು ಕೆಮ್ಮಿ ನಿಂತವು. ಏಸಿ ಇದ್ದದ್ದು ಎರಡೇ ಕೋಣೆಯಲ್ಲಿ: ಒಂದು ರೊವೀನಾಳ ಕಚೇರಿ, ಇನ್ನೊಂದು ನೆವಿಲ್‌ನದು. ನೆವಿಲ್ 'ಆನ್‌ಲೈನ್ ಸಭೆ'ಯೆಂದು ಒಳಗಿನಿಂದ ಅಗಳಿ ಹಾಕಿಕೊಂಡ. ನಲವತ್ಮೂರು ಮಕ್ಕಳು, ಇಬ್ಬರು ಟೀಚರುಗಳು ರೊವೀನಾಳ ಕಚೇರಿಗೆ ನುಗ್ಗಿದರು. ಕಡತದ ಕಪಾಟಿನ ಮೇಲೆ ಐವರು, ಮೇಜಿನ ಕೆಳಗೆ ಆರು, ಉಳಿದವರು ಡಬ್ಬಿಯೊಳಗಿನ ಮೀನಿನಂತೆ.

"ಹಿಮ ಎಲ್ಲಿ?" ಎಂದು ಕೈಗವಸಿನವರು ಅಳತೊಡಗಿದರು.

ಊರಿನ ಅಂಗಡಿಗೆ ಓಡಿಸಿ ತರಿಸಿದ ಐಸ್ ಕ್ಯಾಂಡಿ ಬಾಗಿಲಿಂದ ಒಳಗೆ ಬರುವಷ್ಟರಲ್ಲಿ ಶರಬತ್ತಾಗಿತ್ತು. ಟ್ರೂಡಿಯ ಕಿರಿಯ ಮಗ ಆ ಶರಬತ್ತನ್ನು ಐದು ಜನರ ಪಾಲು ಕುಡಿದು, ನೇರ ಪ್ರಿಂಟರಿನೊಳಕ್ಕೆ ವಾಂತಿ ಮಾಡಿದ. ಪೆಗ್ಗಿ ಗೋಡೆಗೊರಗಿ ಕೂತಿದ್ದಳು, ಬೀಟ್‌ರೂಟ್ ಬಣ್ಣದ ಮುಖ.

"ಅಮ್ಮ, ನಾವು ಯಾಕೆ ಬಂದ್ವಿ?"

ರೊವೀನಾ ಒದ್ದೆ ಬಟ್ಟೆಯಿಂದ ಅವಳ ಕುತ್ತಿಗೆ ಒರೆಸಿದಳು. ನನ್ನ ಕುರ್ಚಿ ಉಳಿಯಲಿ ಅಂತ ಮಗಳೇ. ಇದನ್ನು ಹೇಳುವ ಹಾಗಿರಲಿಲ್ಲ. ಬೆಳಿಗ್ಗೆಯಿಂದ ಊರವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದವಳಿಗೆ, ಆ ಸಾಲಿನಲ್ಲಿ ತನಗೂ ಒಂದು ಜಾಗವಿದೆಯೆಂದು ಅನಿಸಿತು. "ಇನ್ನೇನು, ಒಬ್ಬರು ಬಂದು ಎಣಿಸಿಕೊಂಡು ಹೋಗ್ತಾರೆ. ಆಮೇಲೆ ಅಜ್ಜಿ ಮನೆ," ಎಂದಷ್ಟೇ ಹೇಳಿದಳು.

ಹನ್ನೆರಡಾಯಿತು, ಒಂದಾಯಿತು. ಮಿಸ್ ಹಾರ್ಗ್ರೇವ್ ಬರಲಿಲ್ಲ. ಒಂದೂವರೆಗೆ ಫೋನು ಬಂತು.

"ರೊವೀನಾ ಅವರಾ? ನಾನು ಇಲಾಖೆಯಿಂದ ಫಿಯೋನಾ ಹಾರ್ಗ್ರೇವ್." ದನಿ ಫ್ರಿಜ್ಜಿನಿಂದ ಆಗತಾನೆ ತೆಗೆದಷ್ಟು ತಂಪಾಗಿತ್ತು. "ನಿಮ್ಮಲ್ಲಿ ನಲವತ್ತು ದಾಟಿದೆಯಂತಲ್ಲ!"

ರೊವೀನಾಳ ಎದೆ ಉಬ್ಬಿತು. "ಹೌದು ಮೇಡಂ! ನಲವತ್ಮೂರು!"

"ನಮಗಿಲ್ಲಿ ನಲವತ್ನಾಲ್ಕು ತೋರಿಸ್ತಿದೆ."

"ಒಬ್ಬಳಿಗೆ ಕಾಲು ಮುರಿದಿದೆ ಮೇಡಂ."

"ನಾನು ಬಿಸಿಲಿನ ಡಿಗ್ರಿ ಹೇಳ್ತಿರೋದು. ನಲವತ್ತು ದಾಟಿದ್ರೆ ನಮ್ಮ ಸಿಬ್ಬಂದಿ ಪ್ರಯಾಣ ಮಾಡೋ ಹಾಗಿಲ್ಲ. ಸುರಕ್ಷತೆ, ನೋಡಿ. ಅದಕ್ಕೇ ನಾನು ಬರ್ತಿಲ್ಲ."

"ಹಾಗಾದ್ರೆ ಎಣಿಕೆ?"

"ಅದು ಕಂಪ್ಯೂಟರಲ್ಲೇ ಆಗಿಹೋಯ್ತು. ಪೋಷಕರು 'ಇಲ್ಲ' ಅಂತ ಉತ್ತರ ಕಳಿಸಿದ್ರೆ ಹಾಜರಿಯಲ್ಲಿ ತಾನಾಗೇ ಗೈರು ಬೀಳುತ್ತೆ. ನಿಮ್ಮಲ್ಲಿ ಹಾಜರು ಹದಿಮೂರು."

"ಇಲ್ಲ ಮೇಡಂ, ಆಮೇಲೆ ಎಲ್ಲರೂ ಬಂದ್ರು! ಇಲ್ಲೇ ಇದಾರೆ! ಕೇಳಿ ಬೇಕಾದ್ರೆ!" ಎಂದು ರೊವೀನಾ ಫೋನನ್ನು ಕೋಣೆಯ ಕಡೆ ಹಿಡಿದಳು. ನಲವತ್ಮೂರು ಗಂಟಲುಗಳು ಕೈಲಾದಷ್ಟು ಕಿರುಚಿದವು.

"ಅದು ಗಲಾಟೆ, ಸಂಖ್ಯೆ ಅಲ್ಲ," ಎಂದಳು ಮಿಸ್ ಹಾರ್ಗ್ರೇವ್. "ಒಂಬತ್ತು ಗಂಟೆ ಆದ್ಮೇಲೆ ತಿದ್ದೋಕಾಗಲ್ಲ. ಇದನ್ನೆಲ್ಲ ಜನವರಿಯ ತರಬೇತಿಯಲ್ಲಿ ಹೇಳಿಕೊಟ್ಟಿರ್ಬೇಕಲ್ಲ? ಅಂದ ಹಾಗೆ, ಮೊದಲ ಎರಡು 'ಇಲ್ಲ' ಆರು ಗಂಟೆ ನಾಲ್ಕು ನಿಮಿಷಕ್ಕೆ, ನಿಮ್ಮ ಹೆಸರಿಂದಲೇ ಬಂದಿವೆ. ತುಂಬ ಒಳ್ಳೇ ಮಾದರಿ!"

"ಮಾದರಿ?"

"ಈ ಬಿಸಿಲಲ್ಲಿ ಮೂವತ್ತೊಂದು ಮಕ್ಕಳು ಮನೆಯಲ್ಲಿ ತಂಪಾಗಿ ಉಳಿಯೋ ಹಾಗೆ ಮಾಡಿದ್ದೀರಿ. ಇಡೀ ವಲಯದಲ್ಲಿ ನಿಮ್ಮದೇ ಅತ್ಯಂತ ಜವಾಬ್ದಾರಿಯ ಶಾಲೆ ಅಂತ ಪ್ರಶಸ್ತಿಪತ್ರ ಕಳಿಸ್ತಾ ಇದೀವಿ."

ಪಕ್ಕದ ಕೋಣೆಯ ಅಗಳಿ ಸರಿಯಿತು. ನೆವಿಲ್‌ನ ತಲೆ ಹೊರಬಂತು. "ಪ್ರಶಸ್ತೀನಾ? ನನ್ನ ಹೆಸರಿಗೆ ತಾನೆ?"

ರೊವೀನಾ ಕೇಳಿಸಿಕೊಳ್ಳಲಿಲ್ಲ. "ನನ್ನ ಕೆಲಸ, ಮೇಡಂ?" ಎಂದಳು.

"ಹಾಜರಿ ಹದಿಮೂರೇ ಅಲ್ವಾ, ಮುಂದಿನ ವಾರದಿಂದ ಎರಡು ದಿನ ಆಗುತ್ತೆ." ಮಿಸ್ ಹಾರ್ಗ್ರೇವ್‌ಳ ದನಿ ಇನ್ನಷ್ಟು ಮೃದುವಾಯಿತು. "ಆದ್ರೆ ಯಾವ ಎರಡು ದಿನ ಅಂತ ನಾವು ಹೇರಲ್ಲ ಕಣ್ರೀ. ಅದು ಪೂರ್ತಿ ನಿಮ್ಮಿಷ್ಟ."