ಅತ್ತೆಯವರ ಹೊಸ ಕಣ್ಣು, ದೇವದುರ್ಗದ ಮೊಸಳೆ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷಗಳಿಂದ ರಾಯಚೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿರುವ ನನಗೆ ಪ್ರಾಣಿಗಳೆಂದರೆ ಭಯ. ಎಲ್ಲ ಪ್ರಾಣಿಗಳೂ ಅಲ್ಲ. ಫಾರ್ಮಾಲಿನ್ ತುಂಬಿದ ಗಾಜಿನ ಭರಣಿಯೊಳಗಿರುವ ಹಾವು, ಕಪ್ಪೆ, ಚೇಳುಗಳ ಜೊತೆ ನನ್ನ ಸಂಬಂಧ ಬಹಳ ಚೆನ್ನಾಗಿದೆ. ಅವು ಭರಣಿಯ ಹೊರಗೆ ತಮ್ಮಿಷ್ಟದಂತೆ ಓಡಾಡತೊಡಗಿದಾಗ ಮಾತ್ರ ನನ್ನ ವಿದ್ಯೆ ಇದ್ದಲ್ಲೇ ನಿಂತುಬಿಡುತ್ತದೆ, ಕಾಲುಗಳು ಓಟ ಕೀಳುತ್ತವೆ. ಇದು ನಮ್ಮ ಓಣಿಯವರಿಗೆ ಇನ್ನೂ ಗೊತ್ತಾಗಿಲ್ಲ. ಯಾರ ಮನೆಗೆ ಹಾವು ಬಂದರೂ ನನಗೇ ಫೋನು. ನಾನು ಹೋಗಿ ಹೊಸ್ತಿಲ ಹೊರಗೆ ನಿಂತು, ಅದರ ಬಣ್ಣ, ಉದ್ದ, ತಲೆಯ ಆಕಾರಗಳನ್ನೆಲ್ಲ ಮನೆಯವರ ಬಾಯಿಂದಲೇ ಕೇಳಿ ತಿಳಿದುಕೊಂಡು, ಗಂಭೀರವಾಗಿ ತಲೆದೂಗಿ, ಹತ್ತಿರ ಹೋಗಬೇಡಿ, ಹಿಡಿಯುವವರನ್ನು ಕರೆಯಿರಿ ಎಂದು ಹೇಳಿ ಬರುತ್ತೇನೆ. ಸರ್ ಹಾವನ್ನು ನೋಡದೆಯೇ ಎಲ್ಲ ತಿಳಿದುಬಿಟ್ಟರು ಎಂದು ಅವರಿಗೆ ನನ್ನ ಮೇಲೆ ಇನ್ನಷ್ಟು ಗೌರವ.

ಈ ಸಲದ ಬೇಸಿಗೆ ರಜೆಯಲ್ಲಿ ದಾಂಡೇಲಿ ಕಾಡಿಗೆ ಹೋಗಿ ಜೀಪಿನಲ್ಲಿ ಕೂತು ಹುಲಿ ನೋಡಬೇಕೆಂದು ನಾನು ಲೆಕ್ಕ ಹಾಕಿದ್ದೆ. ಜೀಪು ಓಡುವ ವಸ್ತುವಾದ್ದರಿಂದ ಧೈರ್ಯವಿತ್ತು. ಒಂದು ದುರ್ಬೀನನ್ನೂ ತರಿಸಿ, ದಿನಾ ಸಂಜೆ ಮಾಳಿಗೆ ಮೇಲೆ ನಿಂತು ಅಕ್ಕಿ ಗಿರಣಿಯ ಚಿಮಣಿಯನ್ನು ನೋಡಿ ಅಭ್ಯಾಸ ಮಾಡುತ್ತಿದ್ದೆ. ಆದರೆ ಪೋಸ್ಟಾಫೀಸಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಸುಧಾಳ ರಜೆಯೆಲ್ಲ ಅವಳ ತಾಯಿಯ ಕಣ್ಣಿನ ಆಪರೇಷನ್ನಿಗೆ ಖರ್ಚಾಗಿಹೋಗಿತ್ತು. ಒಬ್ಬನೇ ಹುಲಿಯ ಮುಂದೆ ಹೋಗುವ ಉತ್ಸಾಹ ನನಗಿರಲಿಲ್ಲ.

ಅತ್ತೆ ರುಕ್ಮಿಣಿಬಾಯಿಯವರಿಗೆ ಎಪ್ಪತ್ತೊಂದು ವರ್ಷ. ಮಾನ್ವಿಯಲ್ಲಿ ಮಗ ಸೊಸೆಯ ಜೊತೆ ಇರುತ್ತಾರೆ. ಹತ್ತು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಆಪರೇಷನ್ ಎಂದರೆ ಮಾತು ಬದಲಿಸುತ್ತಿದ್ದರು. ಕೊನೆಗೆ ಅವರನ್ನು ಒಪ್ಪಿಸಿದ್ದು ನನ್ನ ಅಂಗಿ. ಸಂಕ್ರಾಂತಿಗೆ ನಮ್ಮ ಮನೆಗೆ ಬಂದಾಗ, ಗೋಡೆಗೆ ನೇತುಹಾಕಿದ್ದ ನನ್ನ ಅಂಗಿಯನ್ನು ನಾನೆಂದೇ ತಿಳಿದು, ಕಾಫಿ ಬೇಕೇನೆಂದು ಎರಡು ಸಲ ಕೇಳಿದರಂತೆ. ಅಂಗಿ ಉತ್ತರ ಕೊಡಲಿಲ್ಲ. ಅಳಿಯಂದಿರಿಗೆ ತಮ್ಮ ಮೇಲೆ ಸಿಟ್ಟು ಬಂದಿದೆ ಎಂದು ಅಡುಗೆಮನೆಯಲ್ಲಿ ಮಗಳ ಮುಂದೆ ಕೂತು ಅತ್ತರು. ನಾನಾಗ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ವಿಷಯ ತಿಳಿದಾಗ ನಾವು ನಕ್ಕೆವು, ಅವರು ನಗಲಿಲ್ಲ. ಮರುದಿನ ತಾವೇ ಸೀರೆ ಉಟ್ಟು ತಯಾರಾಗಿ, ನಡೀರಿ, ಡಾಕ್ಟರ ಕಡೆ ಹೋಗೋಣ ಎಂದರು.

ಎರಡೂ ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕದ ಅವಧಿ ಮುಗಿದ ದಿನ ಅತ್ತೆ ಮೊದಲು ಮಗಳನ್ನು ಬಹಳ ಹೊತ್ತು ನೋಡಿದರು. ತಲೆಯಲ್ಲಿ ಇಷ್ಟು ಕೂದಲು ಯಾವಾಗ ಬೆಳ್ಳಗಾದವೆಂದು ಮೆಲ್ಲಗೆ ಕೇಳಿದರು. ಆಮೇಲೆ ನನ್ನನ್ನು ನೋಡಿ ಏನೋ ಹೇಳಲು ಹೊರಟು, ಅಳಿಯನೆಂದು ನೆನಪಾಗಿ, ನನ್ನ ಹೊಟ್ಟೆಯಿಂದ ದೃಷ್ಟಿ ತೆಗೆದು ಗೋಡೆಯ ಕಡೆ ತಿರುಗಿದರು. ಅಲ್ಲಿ ಜೇಡರ ಬಲೆ ಕಂಡಿತು. ಒಂದು ವಾರದಲ್ಲಿ ನಮ್ಮ ಮನೆಯ ಎಷ್ಟೋ ಗುಟ್ಟುಗಳು ಬಯಲಾದವು. ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದವರು, ಎದುರಿನ ಬೇವಿನ ಮರದಲ್ಲಿ ಯಾರೋ ಕೂತು ತಮ್ಮನ್ನೇ ನೋಡುತ್ತಿದ್ದಾರೆ ಎಂದರು. ಕಣ್ಣಿಗೆ ಮತ್ತೆ ಏನೋ ಆಯಿತೆಂದು ನಾನು ಗಾಬರಿಯಿಂದ ಎದ್ದು ಹೋದೆ. ಮರದ ಪೊಟರೆಯಲ್ಲಿ ಎರಡು ಪುಟ್ಟ ಗೂಬೆಗಳು ತಲೆ ಹೊರಗೆ ಹಾಕಿ, ನನ್ನನ್ನೂ ಸೇರಿಸಿಕೊಂಡು ನೋಡುತ್ತಿದ್ದವು. ಆ ಮರದ ಕೆಳಗೇ ನಾನು ಹನ್ನೊಂದು ವರ್ಷದಿಂದ ಸ್ಕೂಟರ್ ನಿಲ್ಲಿಸುತ್ತಿದ್ದೇನೆ. ಸೀಟಿನ ಮೇಲೆ ಬೀಳುತ್ತಿದ್ದ ಬಿಳಿ ಹಿಕ್ಕೆ ಕಾಗೆಯದೆಂದು ಹನ್ನೊಂದು ವರ್ಷ ಕಾಗೆಯನ್ನು ಬೈದಿದ್ದೇನೆ.

ಹುಲಿಯ ಪ್ರವಾಸ ನಿಂತುಹೋದ ಸುದ್ದಿ ಅತ್ತೆಯವರ ಕಿವಿಗೂ ಬಿತ್ತು. ತಮ್ಮಿಂದಾಗಿ ಹೀಗಾಯಿತಲ್ಲ ಎಂದು ಎರಡು ದಿನ ಪೇಚಾಡಿದರು. ಮೂರನೆಯ ದಿನ ಊಟ ಬಡಿಸುತ್ತ, ಬಹಳ ಸಂಕೋಚದಿಂದ ಒಂದು ಮಾತು ತೆಗೆದರು. ಅವರ ತವರು ದೇವದುರ್ಗದ ಆಚೆ, ಕೃಷ್ಣಾ ದಂಡೆಯ ಒಂದು ಸಣ್ಣ ಹಳ್ಳಿ. ಹುಡುಗಿಯಾಗಿದ್ದಾಗ ದಿನವೂ ಹೊಳೆಗೆ ಹೋಗಿ ನೀರು ತರುತ್ತಿದ್ದರು. ಹೊಳೆಯಲ್ಲಿ ಮೊಸಳೆಗಳಿದ್ದವು. ಆ ಕಡೆ ನೋಡುತ್ತ ನಿಲ್ಲಬೇಡ, ಕೊಡ ತುಂಬಿದ ಕೂಡಲೇ ಓಡಿ ಬಾ ಎಂದು ಅವರ ತಾಯಿ ಹೇಳಿ ಕಳಿಸುತ್ತಿದ್ದರು. ಹಾಗಾಗಿ ದಿನಾ ಮೊಸಳೆಗೆ ಹೆದರಿದರೇ ಹೊರತು ಒಂದು ದಿನವೂ ಅದನ್ನು ನೋಡಲಿಲ್ಲ. ಆಮೇಲೆ ಮದುವೆಯಾಗಿ ಮಾನ್ವಿಗೆ ಬಂದರು, ಸಂಸಾರ ನಡೆಯಿತು, ಕಣ್ಣು ಮಂಜಾದವು.

"ಹುಲಿ ಅಂದ್ರ ದೂರ ಆತು. ಒಂದು ಮೊಸಳಿ ತೋರಸ್ತೀರೇನು, ಅಳಿಯಂದ್ರ?" ಎಂದು ಕೇಳಿದರು.

ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಕೇಳಿರಲಿಲ್ಲ. ಅದೂ ಅಲ್ಲದೆ, ಪ್ರಾಣಿಶಾಸ್ತ್ರದ ಅಳಿಯ ಮೊಸಳೆ ತೋರಿಸಲಾರೆ ಎಂದರೆ ಹೇಗೆ? ಡಾಕ್ಟರು ಒಪ್ಪಿಗೆ ಕೊಟ್ಟರು. ಸುಧಾ ಮೊಸರನ್ನ ಕಟ್ಟಿಕೊಟ್ಟಳು. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಏಪ್ರಿಲ್ ತಿಂಗಳ ರಾಯಚೂರು. ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿರಲಿಲ್ಲ, ಆಗಲೇ ಬಸ್ಸಿನ ಕಂಬಿ ಬೆಚ್ಚಗಿತ್ತು. ಅತ್ತೆ ಕಿಟಕಿ ಬಿಡಲಿಲ್ಲ. ಬಯಲಲ್ಲಿ ನಿಂತ ನವಿಲು, ತಂತಿಯ ಮೇಲಿನ ನೀಲಿ ಹಕ್ಕಿ, ಹತ್ತಿ ಕಡ್ಡಿಗಳ ನಡುವೆ ಓಡಿದ ಮುಂಗುಸಿ, ಎಲ್ಲವನ್ನೂ ನನಗೆ ತೋರಿಸುತ್ತ ಬಂದರು. ಅವರು ತೋರಿಸಿದಲ್ಲಿ ನಾನು ದುರ್ಬೀನು ಹಿಡಿಯುವಷ್ಟರಲ್ಲಿ ಬಸ್ಸು ಅರ್ಧ ಮೈಲಿ ಮುಂದೆ ಹೋಗಿರುತ್ತಿತ್ತು. ಹೀಗಾಗಿ ನಾನು ಆ ದಿನ ಬಹಳ ಹತ್ತಿರದಿಂದ ಕಂಡದ್ದು ಜಾಲಿಗಿಡಗಳನ್ನು. ದೇವದುರ್ಗದಲ್ಲಿಳಿದು, ಟಂಟಂ ಆಟೋ ತುಂಬುವವರೆಗೆ ಕಾದು, ಹಳ್ಳಿಯ ಹೊಳೆದಂಡೆ ಮುಟ್ಟಿದಾಗ ಒಂಬತ್ತು ದಾಟಿತ್ತು.

ಬೇಸಿಗೆಯ ಕೃಷ್ಣೆ ಬಡಕಲಾಗಿ, ಬಂಡೆಗಳ ನಡುವೆ ಮಡುಮಡುವಾಗಿ ನಿಂತಿತ್ತು. ಎತ್ತರದ ದಂಡೆಯ ಮೇಲೆ ಜಾಲಿ ನೆರಳಲ್ಲಿ ದುರ್ಗಪ್ಪ ಎಂಬ ಅಂಬಿಗ ಬಲೆ ಹೊಲಿಯುತ್ತ ಕೂತಿದ್ದ. ಮೊಸಳೆ ಇವೆಯೇ ಎಂದು ಕೇಳಿದ್ದಕ್ಕೆ, ಇವೆ, ಇಲ್ಲೇ ಮೇಲೆ ಕೂತು ನೋಡಿರಿ, ಕೆಳಗಿಳಿಯಬೇಡಿರಿ ಎಂದ. ನಾನು ದುರ್ಬೀನು ಹಾಕಿ ಆಚೆಯ ಮರಳದಿಬ್ಬವನ್ನು ಒಂದು ಸುತ್ತು ನೋಡಿದೆ. ಸಿಕ್ಕಿತು. ಕಂದು ಬಣ್ಣ, ಉದ್ದನೆಯ ದೇಹ, ಒರಟು ಬೆನ್ನು. ನನ್ನ ಹರ್ಷ ಹೇಳತೀರದು. ಅದು ನಡುವೆ ಇಡೀ ಹೊಳೆಯನ್ನು ಇಟ್ಟುಕೊಂಡು ಮಲಗಿತ್ತಾದ್ದರಿಂದ ನನ್ನ ವಿದ್ಯೆ ಧಾರಾಳವಾಗಿ ಹರಿಯಿತು. ಮೊಸಳೆ ಬಿಸಿಲಿಗೆ ಮೈ ಕಾಯಿಸುವುದೇಕೆ, ಬಾಯಿ ತೆರೆದು ಮಲಗುವುದೇಕೆ, ಅದರ ಕಣ್ಣು ಮೂಗುಗಳು ತಲೆಯ ಮೇಲ್ಭಾಗದಲ್ಲಿರುವುದೇಕೆ, ಮೊಸಳೆಯಿರುವ ನೀರಿನ ಅಂಚಿಗೆ ಮನುಷ್ಯ ಏಕೆ ಹೋಗಬಾರದು, ಎಲ್ಲ ಹೇಳಿದೆ. ದುರ್ಗಪ್ಪ ಬಲೆ ಕೆಳಗಿಟ್ಟು ಕೇಳಿದ. ದಾರಿಯಲ್ಲಿ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳೂ ನಿಂತು ಕೇಳಿದರು. ನನ್ನ ಕ್ಲಾಸಿನಲ್ಲಿ ಇಷ್ಟು ಶಾಂತಿ ಎಂದೂ ಇದ್ದದ್ದಿಲ್ಲ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಚೆ ದಂಡೆಯನ್ನೇ ನೋಡುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಅಂದರು: "ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮೊಸಳಿ ಬೆನ್ನಿನ ಮ್ಯಾಲ ಎರಡು ಹಸರ ಎಲಿ ಚಿಗತಾವ."

ನಾನು ದುರ್ಬೀನಿನ ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದೆ. ಎರಡಲ್ಲ, ಮೂರು ಎಲೆಗಳಿದ್ದವು. ದುರ್ಗಪ್ಪ ನೆಲ ನೋಡುತ್ತ, ಅದು ಹೋದ ಮಳೆಗಾಲದ ನೆರೆಯಲ್ಲಿ ತೇಲಿಬಂದ ದಿಮ್ಮಿ ಎಂದು ಒಪ್ಪಿಕೊಂಡ. "ಆಗಳೇ ಹೇಳಬೇಕಂತ ಮಾಡಿದ್ದೆ ಸರ. ನೀವು ಭಾಳ ಚೆಂದ ಹೇಳಾಕತ್ತಿದ್ರಿ, ನಡುವ ಬಾಯಿ ಹಾಕಬಾರದಂತ ಸುಮ್ನಾದೆ."

ಆ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ಹೊರಟುಹೋದರು. ನನಗೆ ಮೈಯೆಲ್ಲ ಕಾದಂತಾಯಿತು. ಬಿಸಿಲೋ ಅವಮಾನವೋ, ಎರಡೂ ಇರಬೇಕು. ಟವೆಲ್ ಒದ್ದೆ ಮಾಡಿ ತಲೆಗೆ ಹಾಕಿಕೊಂಡರೆ ಸರಿಹೋದೀತೆಂದು, ಯಾರ ಮುಖವನ್ನೂ ನೋಡದೆ ದಂಡೆ ಇಳಿದು ಹೋಗಿ ನೀರಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತೆ. ಹತ್ತು ನಿಮಿಷದ ಹಿಂದೆ ನಾನೇ ಮಾಡಿದ ಪಾಠ ನನಗೆ ನೆನಪಾಗಲಿಲ್ಲ. ನನ್ನ ಪಾಠಗಳು ಹಾಗೆಯೇ, ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

"ಅಳಿಯಂದ್ರ," ಎಂದು ಮೇಲಿನಿಂದ ಅತ್ತೆಯವರ ದನಿ ಕೇಳಿತು. ಅನ್ನ ಆಗಿದೆ, ಕೈ ತೊಳೆದುಕೊಂಡು ಬನ್ನಿ ಎನ್ನುವಾಗಿನ ದನಿ. "ಟವೆಲ್ ಅಲ್ಲೇ ಬಿಡ್ರಿ. ಹಂಗ ಹಿಂದಕ ಸರೀರಿ. ನಿಮ್ಮ ಎಡಗಡೆ ಇರೋ ಕಲ್ಲು ಈಗ ಕಣ್ಣು ಮುಚ್ಚಿ ತಗೀತು."

ಎಡಕ್ಕೆ ನೋಡಿದೆ. ಎರಡು ಮಾರು ದೂರದಲ್ಲಿ, ನೀರಿನ ಮಟ್ಟದಲ್ಲಿ ಎರಡು ಉಬ್ಬು. ಅವುಗಳ ಮುಂದೆ ಇನ್ನೆರಡು. ಪುಸ್ತಕದಲ್ಲಿದ್ದ ಹಾಗೆಯೇ, ತಲೆಯ ಮೇಲ್ಭಾಗದಲ್ಲಿ. ಆಮೇಲೆ ನಾನು ಹೇಗೆ ದಂಡೆ ಹತ್ತಿದೆನೋ ಗೊತ್ತಿಲ್ಲ. ದುರ್ಗಪ್ಪ ಓಡಿ ಬಂದು ಕೈ ಹಿಡಿದು ಎಳೆದುಕೊಂಡದ್ದು ನೆನಪಿದೆ. ಟವೆಲ್ಲೂ ಎಡಗಾಲಿನ ಚಪ್ಪಲಿಯೂ ಕೃಷ್ಣೆಯ ಪಾಲಾದವು. ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ದನಿಯಲ್ಲಿ ತೋರದ್ದು ಕೈಯಲ್ಲಿತ್ತು.

ಮೊಸಳೆಗೆ ನನ್ನ ಮೇಲೆ ವಿಶೇಷ ಆಸೆಯೇನೂ ಇದ್ದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಉಬ್ಬುಗಳು ನಿಧಾನವಾಗಿ ಮಡು ದಾಟಿ ಆಚೆ ಹೋದವು. ಆಮೇಲೆ ನೀರು ಸುರಿಸುತ್ತ ಒಂದು ಇಡೀ ಮೊಸಳೆ ಮರಳಿನ ಮೇಲೇರಿ, ನಾನು ವರ್ಣಿಸಿದ್ದ ದಿಮ್ಮಿಯ ಪಕ್ಕದಲ್ಲೇ ಹೋಗಿ ಮಲಗಿತು. ದಿಮ್ಮಿಗಿಂತ ಎರಡು ಪಟ್ಟು ಉದ್ದವಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು. ಅರ್ಧ ಗಂಟೆಯಾದರೂ ಅವರು ನಿಂತಲ್ಲಿಂದ ಅಲ್ಲಾಡಲಿಲ್ಲ. ನಾನು ದುರ್ಬೀನು ಕೊಟ್ಟೆ. ಒಂದು ಗಳಿಗೆ ನೋಡಿ ಮರಳಿ ಕೊಟ್ಟು, ಇದರಲ್ಲಿ ಬರೀ ಮೊಸಳೆ ಕಾಣುತ್ತದೆ, ಹೊಳೆ ಕಾಣುವುದಿಲ್ಲ ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣುಜ್ಜಬಾರದು ಎಂದಿದ್ದಾರೆಂದು ನೆನಪಿಸಿದೆ.

"ಅಷ್ಟು ವರ್ಷ ಬರೇ ಹೆದರಿಕಿ ಹೊತ್ತುಕೊಂಡು ಓಡಿದೆ," ಎಂದರು. "ಅದು ಇಷ್ಟು ಚೆಂದ ಇರ್ತದಂತ ನಮ್ಮವ್ವನೂ ಹೇಳಲಿಲ್ಲ. ಪಾಪ, ಆಕಿನೂ ನೋಡಿದ್ದಿಲ್ಲ ಕಾಣಸ್ತದ."

ದೇವದುರ್ಗದ ಬಸ್‌ಸ್ಟ್ಯಾಂಡಿನವರೆಗೆ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದು ಹೊಸ ಹವಾಯಿ ಚಪ್ಪಲಿ ಕೊಂಡೆ. ಸಂಜೆ ಮನೆಯಲ್ಲಿ ಸುಧಾಳ ಕಣ್ಣು ಮೊದಲು ಬಿದ್ದದ್ದು ಆ ಚಪ್ಪಲಿಯ ಮೇಲೆಯೇ. ಹಳೆಯದು ಎಲ್ಲಿ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಹೊಳೆಯಲ್ಲಿ ಹೋಯಿತು, ನೀರಿನ ಸೆಳವು ಬಹಳ ಇತ್ತು ಎಂದು ಹೇಳಿ ಊಟಕ್ಕೆ ಕೂತರು. ದೇವರಿಗೆ ಹೆದರಿ ಎಂದೂ ಸುಳ್ಳಾಡದ ಅತ್ತೆ ನನಗಾಗಿ ಬತ್ತಿದ ಹೊಳೆಗೆ ನೀರು ಬಿಟ್ಟಿದ್ದರು. ಆ ರಾತ್ರಿ ಊಟದಲ್ಲಿ ನಾನೇ ಅವರಿಗೆ ತುಪ್ಪ ಬಡಿಸಿದೆ.

ಈಗ ಅವರು ಮಾನ್ವಿಯಲ್ಲಿದ್ದಾರೆ. ಹೂವು ಬಿಡಿಸಲು ಹಿತ್ತಲಿಗೆ ಹೋದವರು ಒಂದು ಗಂಟೆ ಒಳಗೆ ಬರುವುದಿಲ್ಲವೆಂದು ಸೊಸೆಯ ದೂರು. ಮೊಮ್ಮಗಳ ಹಳೆಯ ನೋಟುಬುಕ್ಕಿನಲ್ಲಿ ಕಂಡ ಹಕ್ಕಿಗಳನ್ನೆಲ್ಲ ಬರೆದಿಡುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ನನಗೆ ಫೋನು ಮಾಡಿ, ಕೊಕ್ಕು, ಹುಬ್ಬು, ಬಾಲ, ಕೂಗು, ನಡಿಗೆ ಎಲ್ಲ ಹೇಳುತ್ತಾರೆ. ನಾನು ಪುಸ್ತಕ ತೆರೆದು ಹೆಸರು ಹೇಳುತ್ತೇನೆ. ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ಪ್ರಾಣಿಶಾಸ್ತ್ರಜ್ಞನಾಗುತ್ತೇವೆ ಎಂದು ನನಗೆ ಅನ್ನಿಸತೊಡಗಿದೆ.

ಕಾಲೇಜು ಶುರುವಾದ ಮೊದಲ ವಾರ ನಮ್ಮ ಆವರಣದ ಗುಲ್‌ಮೊಹರ್ ಮರದಲ್ಲಿ ಹೊಸ ಹಕ್ಕಿಯೊಂದು ಬಂದು ಕೂತಿತ್ತು. ವಿದ್ಯಾರ್ಥಿಗಳು ಹೆಸರು ಕೇಳಿದರು. ಎಂದಿನಂತೆ ಗಂಭೀರವಾಗಿ ತಲೆದೂಗಿ, ಪಕ್ಕಕ್ಕೆ ಸರಿದು, ಜೀವನದಲ್ಲಿ ಮೊದಲ ಸಲ ನಾನೇ ಮಾನ್ವಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅತ್ತೆ, ಕಾಲು ಯಾವ ಬಣ್ಣ ಎಂದರು. ನಾನು ನೋಡಿರಲಿಲ್ಲ. ತಿರುಗಿ ಹೋಗುವಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು. "ಆತು, ನಾಳೆ ಬರ್ತದ. ಮುಂಜಾನೆ ಆರಕ್ಕ ಹೋಗಿ ಕೂಡ್ರಿ. ಮಾತಾಡಬ್ಯಾಡ್ರಿ, ಬರೇ ನೋಡ್ರಿ," ಎಂದು ಫೋನಿಟ್ಟರು.

ನನ್ನ ಮೊದಲ ಪಾಠ ಇರುವುದು ಹತ್ತೂವರೆಗೆ. ಆದರೂ ಮರುದಿನ ಆರಕ್ಕೆ ಹೋಗಿ, ಬೀಗ ಹಾಕಿದ ಗೇಟಿನ ಹೊರಗೆ, ಕಟ್ಟೆಯ ಮೇಲೆ ಮರವನ್ನೇ ನೋಡುತ್ತ ಬಾಯಿ ಮುಚ್ಚಿಕೊಂಡು ಕೂತೆ. ಏಳೂವರೆಗೆ ಬಂದ ನಮ್ಮ ಜವಾನ ನನ್ನನ್ನು ಕಂಡು, ಸೈಕಲ್ ನಿಲ್ಲಿಸಿ, ಹತ್ತಿರ ಬಂದು ಬಹಳ ಕಳಕಳಿಯಿಂದ ತಗ್ಗಿದ ದನಿಯಲ್ಲಿ ಕೇಳಿದ: "ಸರ, ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?"