ತಟ್ಟಿ ಕೇಳಿ ತಂದ ಸ್ಪಾನರ್

ಮಕ್ಕಳೇ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಅಷ್ಟು ಸತಾಯಿಸುವುದಿಲ್ಲ, ನಿಮ್ಮ ಚಿಕ್ಕತಾತ ಒಂದು ಸ್ಪಾನರ್ ಕೊಳ್ಳಲು ಸತಾಯಿಸುತ್ತಿದ್ದ! ಅದಕ್ಕೊಂದು ಜಾತಕ ಇದ್ದಿದ್ದರೆ ಅದನ್ನೂ ತರಿಸಿ ನೋಡುತ್ತಿದ್ದನೋ ಏನೋ.

ಎಪ್ಪತ್ತರ ದಶಕದ ಮಾತು. ನನ್ನ ಈ ಮೈದುನ ಮೋಟಾರ್ ಮೆಕ್ಯಾನಿಕ್ ಕೆಲಸ ಕಲಿಯಲೆಂದು ತಿಪಟೂರಿನಿಂದ ಮದ್ರಾಸಿಗೆ ಬಂದು, ತ್ರಿಪ್ಲಿಕೇನಿನ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದ. ಪರೀಕ್ಷೆಗೆ ಪ್ರತಿಯೊಬ್ಬನೂ ತನ್ನದೇ ಹತ್ಯಾರಗಳನ್ನು ತರಬೇಕೆಂದು ಅವನ ತರಬೇತಿ ಶಾಲೆಯ ನಿಯಮ. ಉಳಿದವರು ಒಂದೇ ಸಂಜೆಯಲ್ಲಿ ಪೆಟ್ಟಿಗೆ ತುಂಬಿಸಿಕೊಂಡರು. ಇವನು? ಒಂದೂ ಒಪ್ಪಿಗೆಯಾಗದೆ, ಪರೀಕ್ಷೆಯ ದಿನ ಬರಿಗೈಯಲ್ಲಿ ಗೇಟಿನ ಹೊರಗೆ ನಿಂತು ವಾಪಸ್ಸು ಬಂದ!

ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಿಮ್ಮ ತಾತ ಕಡೆಯ ಮಾತು ಹೇಳಿಬಿಟ್ಟರು. "ಮುಂದಿನ ಸಲವೂ ಹೀಗೇ ಆದ್ರೆ ಊರಿಗೆ ಹೋಗಿ ಕೊಬ್ಬರಿ ಮಂಡೀಲಿ ಮೂಟೆ ಹೊಲೀತಾ ಕೂತ್ಕೋ!"

"ಅಣ್ಣಾ, ಕಳಪೆ ಸ್ಪಾನರು ನಟ್ಟಿನ ಮೂಲೆ ತಿಂದುಹಾಕುತ್ತೆ."

"ನೀನು ನನ್ನ ತಲೆ ತಿಂತಿದ್ದೀಯಲ್ಲೋ, ಅದು?"

ಹತ್ಯಾರಗಳಿಗೆ ಅವನು ಒಡ್ಡುತ್ತಿದ್ದ ಪರೀಕ್ಷೆಗಳಾದರೂ ಎಂಥವು! ಉಕ್ಕನ್ನು ಮೂಸುತ್ತಿದ್ದ. ಕೆನ್ನೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಒಮ್ಮೆ ಕಟಿಂಗ್ ಪ್ಲೇಯರ್ ಒಂದನ್ನು ಅಂಗಡಿಯವನಿಂದ ಕಾಡಿಬೇಡಿ ತಂದು, ನಾನು ಬಟ್ಟೆ ಹರವುವ ತಂತಿಯನ್ನೇ ತುಂಡು ತುಂಡು ಮಾಡಿ, "ಬಾಯಿ ಚೆನ್ನಾಗಿದೆ, ಹಿಡಿ ಸರಿಯಿಲ್ಲ" ಎಂದು ಹಿಂತಿರುಗಿಸಿದ. ಆ ವಾರವೆಲ್ಲ ನಮ್ಮ ಸೀರೆ ಪಂಚೆಗಳು ಬಾಗಿಲ ಮೇಲೆ ಒಣಗಿದವು.

ಜರ್ಮನಿಯ ಉಕ್ಕೆಂದರೆ ಅವನಿಗೆ ದೇವರು. ಹೇಗೋ ಒಂದು ಸ್ಪಾನರ್ ಹುಡುಕಿ ತಂದ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಜರ್ಮನಿ ಎಂದು ಬರೆದಿತ್ತು. ಆಯುಧಪೂಜೆ ಬಂತು. ನಾನು ಕುಂಕುಮ ಹಿಡಿದು ಹೋದರೆ ಅಡ್ಡ ನಿಂತ. "ಬೇಡ ಅತ್ತಿಗೆ! ಪುಡಿ ಸಂದಿಗೆ ಸೇರಿದ್ರೆ ಹತ್ಯಾರ ಹಾಳು. ಹೂವು ಬೇಕಾದ್ರೆ ಇಡಿ." ಸರಿ, ತೊಳೆದಾದರೂ ಇಡೋಣವೆಂದು ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಜರ್ಮನಿ ಬಚ್ಚಲಿಗೆ ಹರಿದುಹೋಯಿತು!

"ಯುದ್ಧದಲ್ಲೂ ಇಷ್ಟು ಸುಲಭವಾಗಿ ಸೋತಿರಲಿಲ್ಲ ಕಣೋ!" ಎಂದು ನಿಮ್ಮ ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈದುನ ಅಂದು ಪಾಯಸ ಮುಟ್ಟಲಿಲ್ಲ.

ಬೇಸಿಗೆಯಲ್ಲಿ ಬಾಗಿಲಿಗೆ ಮಡಕೆಯವಳು ಬಂದಳು. ನಮ್ಮ ಹಳ್ಳಿಯ ಹೆಂಗಸರು ಮಡಕೆಯನ್ನು ತಟ್ಟಿ, ಸದ್ದು ಕೇಳಿ, ಬಿರುಕಿಲ್ಲವೆಂದು ತಿಳಿದೇ ಕೊಳ್ಳುವುದು. ನಾನೂ ಹಾಗೆಯೇ ತಟ್ಟಿದೆ. ಮೈದುನ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಅತ್ತಿಗೆ! ಇಂಥಾ ಕಿವೀನ ಇಷ್ಟು ದಿನ ಅಡುಗೆಮನೇಲಿ ಬಚ್ಚಿಟ್ಟಿದ್ರಾ?"

ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು. ಹಾಲಿನವನು ಮಾತಾಡಿಸಿದರೂ ಬಾಗಿಲ ಹಿಂದೆ ಸರಿಯುವವಳು ನಾನು; ನನ್ನನ್ನು ಪಲ್ಲಾವರಂ ಸಂತೆಗೆ ಕರೆದೊಯ್ದು, ಹಳೆ ಕಬ್ಬಿಣದ ರಾಶಿಯ ಮುಂದೆ ಕೂರಿಸಿದ! ಸ್ಪಾನರನ್ನು ದಾರಕ್ಕೆ ಕಟ್ಟಿ ನನ್ನ ಕಿವಿಯ ಹತ್ತಿರ ಇಳಿಬಿಟ್ಟು, ಇನ್ನೊಂದರಿಂದ ಟಣ್ ಎನಿಸಿ, "ಹೇಳಿ" ಎನ್ನುತ್ತಿದ್ದ. ನನಗೇನು ತಿಳಿಯಬೇಕು? ಒಮ್ಮೆ ತಲೆಯಾಡಿಸಿದೆ, ಒಮ್ಮೆ ಬೇಡವೆಂದೆ. ವೇದವಾಕ್ಯವೆಂಬಂತೆ ಪಾಲಿಸಿದ!

"ಅಣ್ಣಿ ಪಾಟ್ಟು ವಾದ್ಯಾರಾ ಸಾರ್?" ಎಂದ ಅಂಗಡಿಯವನು. ಅತ್ತಿಗೆ ಸಂಗೀತದ ಮೇಷ್ಟ್ರಾ ಎಂದು! ಮೈದುನ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದ; ನಾನು ಕೇಳುತ್ತಿದ್ದೆನಲ್ಲ!

ಹೀಗೆ ಪೆಟ್ಟಿಗೆ ತುಂಬುತ್ತ ಬಂತು. ಪರೀಕ್ಷೆಯ ಹಿಂದಿನ ದಿನ ನೋಡಿದರೆ ಹದಿಮೂರನೇ ನಂಬರ್ ಸ್ಪಾನರ್ ಇಲ್ಲ. ಸಿಕ್ಕಿದ ಹದಿಮೂರನ್ನೆಲ್ಲ ಅವನೇ ತಳ್ಳಿಹಾಕಿದ್ದ. ಒಂದು ಕಡಿಮೆಯಾದರೂ ಒಳಗೆ ಬಿಡುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. "ಕೊಬ್ಬರಿ ಮಂಡೀನೇ ನನಗೆ ಬರೆದಿರೋದು, ಅತ್ತಿಗೆ."

ನಿಮ್ಮ ತಾತ ಬ್ಯಾಂಕಿನಲ್ಲಿದ್ದರು. ನಾನು ಸೆರಗು ಹೊದ್ದು, ಮದ್ರಾಸಿಗೆ ಬಂದ ಮೇಲೆ ಮೊದಲ ಬಾರಿ ಒಬ್ಬಳೇ ಬೀದಿಗಿಳಿದೆ. ಕಬ್ಬಿಣದ ಅಂಗಡಿಯಲ್ಲಿ ಬಾಯಿ ಬರಲಿಲ್ಲ. ಸ್ಪಾನರಿನ ಕಡೆ ಬೊಟ್ಟು ಮಾಡಿ, ಹತ್ತು ಬೆರಳು ತೋರಿಸಿ, ಮತ್ತೆ ಮೂರು ತೋರಿಸಿದೆ. ಅವನು ಒಂದಷ್ಟು ಹದಿಮೂರುಗಳನ್ನು ಹರವಿದ. ಮುಡಿದ ಮಲ್ಲಿಗೆ ಬಿಚ್ಚಿ, ಅದರ ದಾರಕ್ಕೇ ಒಂದೊಂದನ್ನು ಕಟ್ಟಿ ತಟ್ಟಿದೆ. ಎಲ್ಲವೂ ಒಂದೇ ಥರ ಟಣ್ ಎಂದವು!

"ಎನ್ನಮ್ಮಾ, ಪಾನೆಯಾ ಇದು?" ಇದೇನಮ್ಮಾ, ಮಡಕೆಯಾ? ಅಂಗಡಿಗೆ ಅಂಗಡಿಯೇ ನಕ್ಕಿತು. ಕೈಯಲ್ಲಿದ್ದುದನ್ನೇ ಕೊಂಡು ಓಡಿಬಂದೆ.

ಮೈದುನ ಅದನ್ನು ದಾರಕ್ಕೆ ಕಟ್ಟಿ, ಕಣ್ಣು ಮುಚ್ಚಿ ಕೇಳಿದ. "ಇದೇ ಅತ್ತಿಗೆ, ಇದೇ! ಎಲ್ಲಿ ಅಡಗಿತ್ತು ಇಷ್ಟು ದಿನ?"

ಪಾಸಾದ. ಮದ್ರಾಸಿನ ಪಕ್ಕದ ಮಣಲಿಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟ. ಹತ್ಯಾರಗಳಿಗೆ ಕುಂಕುಮ ಮಾತ್ರ ಎಂದೂ ಸೋಕಿಸಲಿಲ್ಲ.

ನಿಮ್ಮ ತಾತ ತೀರಿಕೊಂಡ ವರ್ಷ, ಆಯುಧಪೂಜೆಗೆ ಮೈದುನ ನನ್ನನ್ನು ಬಲವಂತವಾಗಿ ಅಲ್ಲಿಗೆ ಕರೆದೊಯ್ದ. ಮುತ್ತೈದೆಯರ ನಡುವೆ ನನಗೇನು ಕೆಲಸವೆಂದು ನಾನು ಕದದ ಹಿಂದೆ ನಿಂತಿದ್ದೆ. ಮೈದುನ ಅಲ್ಲಿಗೇ ಬಂದ. ಕೈಯಲ್ಲಿ ಬಾಯಿ ಸವೆದ ಆ ಹದಿಮೂರು.

"ಇದಕ್ಕೆ ಕುಂಕುಮ ನೀವಿಡಿ, ಅತ್ತಿಗೆ."

"ನನ್ನ ಕೈಯಿಂದಲೇನಪ್ಪಾ? ಬೇಡ. ಪುಡಿ ಸಂದಿಗೆ ಸೇರಿದ್ರೆ ಹಾಳು ಅಂತ ನೀನೇ ಹೇಳ್ತಿದ್ದೆಯಲ್ಲ..."

ಅವನು ಜೇಬಿನಿಂದ ದಾರ ತೆಗೆದು, ಸ್ಪಾನರನ್ನು ಕಟ್ಟಿ, ನನ್ನ ಕಿವಿಯ ಹತ್ತಿರ ಇಳಿಬಿಟ್ಟು ತಟ್ಟಿದ.

"ಕೇಳಿ ಹೇಳಿ. ಎಲ್ಲಾದ್ರೂ ಬಿರುಕಿದೆಯಾ?"

ಸದ್ದು ಪೂರ್ತಿ ಅಡಗುವವರೆಗೂ ಕೇಳಿದೆ.

"ಇಲ್ಲಪ್ಪಾ."

"ಹಾಗಾದ್ರೆ ಇಡಿ" ಎಂದು ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟ.